ಕಿವಿ ಮಷಿನ್‌ಗೂ ಮುಚ್ಚಳಿಕೆ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ಕೊಪ್ಪಳ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಇದು ಯಾವ ಕ್ಷೇತ್ರದ ಪತ್ರ ಅಂತ ನಾನು ಬರೆದಿಲ್ಲ. ಬರೆದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಶಾಲೆ ಗೊತ್ತಾಗುತ್ತದೆ. ನನ್ನ ಮಗಳು ಇನ್ನೂ ಒಂದು ವರ್ಷ ಅಲ್ಲೇ ಓದಬೇಕು. ತಮಗೆ ಮಾತ್ರ ಓದಿದ ಕೂಡಲೇ ಗೊತ್ತಾಗಬೇಕು, ಯಾಕೆಂದರೆ ಇದೇ ವಿಷಯಕ್ಕೆ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಎರಡು ಕಚೇರಿಗೆ. ಒಂದು ತಮ್ಮ ಕೈಗೇ, ಜಾತ್ರೆ ದಿನ, ಹಾರ ಹಾಕುವವರ ಮಧ್ಯೆ ನುಗ್ಗಿ ಕೊಟ್ಟೆ. ತಾವು ಪಕ್ಕದವರಿಗೆ ದಾಟಿಸಿದಿರಿ. ಅವರು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟುಕೊಂಡರು. ಆ ಅಂಗಿ ಜೊತೆಗೇ ಒಗೆದುಹೋಯಿತೋ ಏನೋ.

ನಾನು ತಾಲ್ಲೂಕು ಕಚೇರಿ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟವನು. ಊರಿಗೆ ಬರುವ ಸರ್ಕಾರದ ಕಾಗದದಲ್ಲಿ ಅರ್ಧ ನನ್ನ ಮಷಿನ್ ಮೇಲೆ ಹಾದೇ ಹೋಗುತ್ತದೆ. ಗಿರಾಕಿ ಇಲ್ಲದಾಗ ಸುಮ್ನೆ ಕೂರುವ ಬದಲು ಓದುತ್ತೇನೆ. ಹಾಗಾಗಿ ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಹೇಳಿ ನನ್ನನ್ನು ವಾಪಸ್ ಕಳಿಸುವುದು ಸ್ವಲ್ಪ ಕಷ್ಟ.

ಬೇಡಿಕೆ ಒಂದೇ. ನಮ್ಮ ತಾಲ್ಲೂಕಿನ ಪ್ರೌಢಶಾಲೆಗಳ ಎಲ್ಲ ಶಿಕ್ಷಕರಿಗೆ, ವಿಶೇಷ ಅಗತ್ಯವುಳ್ಳ ಮಕ್ಕಳ ಜೊತೆ ಹೇಗೆ ನಡೆದುಕೊಳ್ಳಬೇಕು, ಹೇಗೆ ಕಲಿಸಬೇಕು ಅಂತ ತರಬೇತಿ ಕೊಡಿಸಿ. ಮೊಬೈಲ್‌ನಲ್ಲಿ ಅಲ್ಲ. ಎದುರಿಗೆ ಕೂರಿಸಿ.

ಯಾಕೆ ಅಂತ ಹೇಳುತ್ತೇನೆ. ದಯವಿಟ್ಟು ಈ ಸಲ ಮಡಚಬೇಡಿ.

ಮಗಳಿಗೆ ಎರಡೂ ಕಿವಿ ಮಂದ. ಎರಡಕ್ಕೂ ಮಷಿನ್ ಇದೆ. ಕಿವಿಯ ಹಿಂದೆ ಕೂರುತ್ತದೆ, ಅಲ್ಲಿಂದ ಸಣ್ಣ ಪಾರದರ್ಶಕ ನಳಿಕೆ ಕಿವಿಯೊಳಗೆ ಹೋಗುತ್ತದೆ. ದೊಡ್ಡವಳಾದ ಮೇಲೆ ನಾಚಿಕೆ. ಎರಡು ಜಡೆಯನ್ನು ಮುಂದಕ್ಕೆ ಎಳೆದು ಮುಚ್ಚಿಕೊಳ್ಳುತ್ತಾಳೆ. ಕಳೆದ ವರ್ಷ ದಸರಾ ರಜೆಗೆ ಮುಂಚೆ ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ. ಶುಕ್ರವಾರ. ಕೊಠಡಿ ಮೇಲ್ವಿಚಾರಣೆಗೆ ಬಂದವರು ಬೇರೆ ಸೆಕ್ಷನ್‌ನ ಸರ್. ಹಿಂದಿನಿಂದ ಬಂದು "ಕಿವ್ಯಾಗ ಏನೈತಿ? ತಗಿ ಅದನ್ನ" ಅಂದರಂತೆ. ಹಿಂದಿನಿಂದ ಹೇಳಿದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಬರೆಯುತ್ತಲೇ ಇದ್ದಳು. ಎರಡನೇ ಸಲವೂ ಹೇಳಿದರು. ಮೂರನೇ ಸಲ ಅವರೇ ಕೈ ಹಾಕಿ ಎರಡನ್ನೂ ಕಿತ್ತುಕೊಂಡರು.

ಕಿವಿ ಮಷಿನ್ ಆನ್ ಇದ್ದಾಗ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕುಂಯ್ ಅಂತ ಸೀಟಿ ಹೊಡೆಯುತ್ತದೆ. ಒಳಗಿನ ಸ್ಪೀಕರ್ ಸದ್ದನ್ನು ಅದರದೇ ಮೈಕ್ ಹಿಡಿದು ಮತ್ತೆ ಮತ್ತೆ ದೊಡ್ಡದು ಮಾಡುತ್ತದೆ, ಅಷ್ಟೇ. ನಮ್ಮ ಮನೆಯಲ್ಲಿ ಎರಡು ವರ್ಷದ ಮಗುವಿಗೂ ಇದು ಗೊತ್ತು. ಸರ್ ಕೈಯಲ್ಲೂ ಅದು ಕೂಗಿತು. ಅದಕ್ಕೆ ಅವರು ಇಡೀ ಕ್ಲಾಸಿಗೆ ಹೇಳಿದ್ದು: "ನೋಡ್ರಿ, ಫೋನಿಗೆ ಕನೆಕ್ಟ್ ಆಗೈತಿ."

ಬ್ಲೂಟೂತ್ ಹಾಕಿಕೊಂಡು ಕಾಪಿ ಹೊಡೆಯುತ್ತಿದ್ದಾಳೆ ಅಂತ ತೀರ್ಮಾನವಾಯಿತು. ಮಷಿನ್ ಎರಡನ್ನೂ ಒಂದು ಕವರಿಗೆ ಹಾಕಿ ಎಚ್.ಎಂ. (ಮುಖ್ಯೋಪಾಧ್ಯಾಯರ) ಕೊಠಡಿಯ ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಅವಳು ಅತ್ತಳು. ಅಳುವಾಗ ಅವಳ ಮಾತು ಇನ್ನೂ ಅಸ್ಪಷ್ಟ. ನಾಟಕ ಅಂದರಂತೆ.

ಸಂಜೆ ನಾನು ಓಡಿದೆ. ಶಾಲೆ ಮುಚ್ಚಿತ್ತು. ಶನಿವಾರ ಎಚ್.ಎಂ. ಮೀಟಿಂಗಿಗೆ ಹೋಗಿದ್ದರು, ಬೀಗದ ಕೈ ಅವರ ಹತ್ತಿರ. ಅವತ್ತು ವಿಜ್ಞಾನ ಪರೀಕ್ಷೆ. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆಗೆ ಮುದ್ರಣ ತಪ್ಪಾಗಿತ್ತು, ತಿದ್ದಿಕೊಳ್ಳಿ ಅಂತ ಬಾಯಲ್ಲಿ ಹೇಳಿ ಹೋದರು. ಬೋರ್ಡಿನ ಮೇಲೆ ಬರೆಯಲಿಲ್ಲ. ಅವಳು ತಪ್ಪು ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದು ಬಂದಳು. ಭಾನುವಾರ ರಜೆ.

ಸೋಮವಾರ ನಾನು ಅಂಗವಿಕಲ ಕಾರ್ಡು, ಆಸ್ಪತ್ರೆ ರಿಪೋರ್ಟು, ಕ್ಯಾಂಪಿನಲ್ಲಿ ಕೊಟ್ಟ ರಸೀದಿ ಎಲ್ಲಾ ತೋರಿಸಿದೆ. ಒಪ್ಪಿಕೊಂಡರು. ಆದರೆ ವಸ್ತು ವಾಪಸ್ ಕೊಡಬೇಕಾದರೆ ಪಾಲಕರು ಮುಚ್ಚಳಿಕೆ ಬರೆದುಕೊಡಬೇಕಂತೆ, ಅದು ಪದ್ಧತಿಯಂತೆ. ಮೊದಲೇ ಟೈಪ್ ಮಾಡಿದ ಹಾಳೆ: "ನನ್ನ ಮಗಳು ಇನ್ನು ಮುಂದೆ ಪರೀಕ್ಷಾ ಕೊಠಡಿಗೆ ಯಾವುದೇ ಎಲೆಕ್ಟ್ರಾನಿಕ್ ಉಪಕರಣ ತರುವುದಿಲ್ಲ."

ಸಹಿ ಹಾಕಿದೆ. ಮಷಿನ್ ಬೇಕಾಗಿತ್ತು. ಮೂರು ದಿನ ಆನ್ ಇದ್ದ ಹಾಗೇ ಒಳಗಿಟ್ಟಿದ್ದರು, ಎರಡೂ ಸೆಲ್ ಸತ್ತಿದ್ದವು.

ಆ ಸರ್ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವರು ಕೆಟ್ಟವರಲ್ಲ. ಆಮೇಲೆ ಅವರೇ ಅಂಗಡಿಗೆ ಬಂದು, "ನಮಗ ಯಾರೂ ಹೇಳೇ ಇಲ್ಲ ಅಣ್ಣಾರ, ಇಂಥಾದ್ದು ನೋಡೇ ಇರಲಿಲ್ಲ" ಅಂದರು. ಅದನ್ನೇ ನಾನೂ ಹೇಳುತ್ತಿರುವುದು ಸಾಹೇಬರೇ. ಯಾರೂ ಹೇಳಿಲ್ಲ. ಹೇಳಿಸಿ.

ಈ ಮಷಿನ್ ಅವಳ ಕಿವಿಗೆ ಬರಲು ಏನೇನಾಯಿತು ಅನ್ನುವುದೂ ಗೊತ್ತಿರಲಿ. ಮೂರು ವರ್ಷವಾದರೂ ಮಾತು ಬರಲಿಲ್ಲ. ನಿಧಾನ ಬರುತ್ತದೆ ಅಂದರು ಹಿರಿಯರು. ದೇವರಿಗೆ ಹರಕೆ ಹೊತ್ತೆವು, ನಾಲಿಗೆ ಮೇಲೆ ಜೇನು ಸವರಿದೆವು. ನಾಲ್ಕನೇ ವರ್ಷ ಯಾರೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಹೆಸರು ಹೇಳಿದರು. ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು, ಮರುದಿನ ಮೈಸೂರಿನಲ್ಲಿ ಇಳಿಯುವುದು, ತಪಾಸಣೆ ಮುಗಿಸಿ ಮತ್ತೆ ಅದೇ ಗಾಡಿ. ಜನರಲ್ ಬೋಗಿಯಲ್ಲಿ ಮಗು ನನ್ನ ತೊಡೆ ಮೇಲೆ. ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಕಿವಿ ಬೆಳೆದ ಹಾಗೆ ಕಿವಿಯೊಳಗೆ ಕೂರುವ ಅಚ್ಚೂ ಹೊಸದು ಮಾಡಿಸಬೇಕು, ಇಲ್ಲದಿದ್ದರೆ ಸಡಿಲವಾಗಿ ಸೀಟಿ ಹೊಡೆಯುತ್ತದೆ. ಒಂದು ಸೆಲ್ ಹತ್ತು ಹನ್ನೆರಡು ದಿನ. ನನ್ನ ಹೆಂಡತಿ ಕನ್ನಡಿ ಮುಂದೆ ಅವಳನ್ನು ಕೂರಿಸಿಕೊಂಡು ವರ್ಷಗಟ್ಟಲೆ ಒಂದೊಂದೇ ಅಕ್ಷರ ಹೇಳಿಕೊಟ್ಟಳು. ವಿಕಲಚೇತನರ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟ ಇದ್ದರೆ ಕಿವಿ ಮಂದ, 70 ಆದರೆ ಕಿವುಡು. ಇವಳದು 60 ದಾಟಿದೆ. ಅವಳು ಆಡುವ ಪ್ರತಿ ಮಾತೂ ಅಮ್ಮನ ಕೂಲಿ ಕೆಲಸದ ಹಾಗೆ, ದಿನಾ ದುಡಿದು ಗಳಿಸಿದ್ದು.

ಪ್ರಾಥಮಿಕ ಶಾಲೆಯಲ್ಲಿ ಹೇಗೋ ನಡೆಯಿತು. ಇಡೀ ದಿನ ಒಬ್ಬರೇ ಟೀಚರ್, ಅವರಿಗೆ ಮಗು ಗೊತ್ತು. ಹೈಸ್ಕೂಲಿನಲ್ಲಿ 45 ನಿಮಿಷಕ್ಕೆ ಒಬ್ಬರು. ಎಲ್ಲರಿಗೂ ಪೋರ್ಷನ್ ಮುಗಿಸುವ ಅವಸರ. ಗಣಿತದ ಸರ್ ಬೋರ್ಡಿಗೆ ಮುಖ ಮಾಡಿ, ಬರೆಯುತ್ತಲೇ ಮಾತಾಡುತ್ತಾರೆ. ಇವಳು ತುಟಿ ನೋಡಿ ಅರ್ಧ ಕೇಳುವವಳು, ಬೆನ್ನು ನೋಡಿ ಏನು ಕೇಳಬೇಕು? ತುಟಿ ಕಂಡರೂ ಪಾಪ, ಬಾಬಾ, ಮಾಮಾ ಮೂರೂ ಒಂದೇ ಥರ ಕಾಣುತ್ತವೆ. ನೀವೇ ಕನ್ನಡಿ ಮುಂದೆ ಸದ್ದಿಲ್ಲದೆ ಹೇಳಿ ನೋಡಿ. ಎತ್ತರ ಇದ್ದಾಳೆ ಅಂತ ಕೊನೇ ಬೆಂಚಿಗೆ ಕಳಿಸಿದ್ದಾರೆ. ಸರಿಯಾಗಿ ಫ್ಯಾನ್ ಕೆಳಗೆ. ಮಷಿನ್‌ಗೆ ಪಾಠಕ್ಕಿಂತ ಫ್ಯಾನ್ ಸದ್ದೇ ಜಾಸ್ತಿ ಸಿಗುತ್ತದೆ. ಇದಕ್ಕೆಲ್ಲ ಬಜೆಟ್ ಬೇಕಾ? ಎರಡನೇ ಬೆಂಚಿಗೆ ತಂದು ಕೂರಿಸಬೇಕು, ಮುಖ ತಿರುಗಿಸಿ ಮಾತಾಡಬೇಕು, ಬಾಯಲ್ಲಿ ಹೇಳಿದ್ದನ್ನು ಒಂದು ಸಾಲು ಬೋರ್ಡಿನ ಮೇಲೆ ಬರೆಯಬೇಕು. ಇಷ್ಟು ಹೇಳಿಕೊಡಲು ಎಷ್ಟು ಹೊತ್ತು ಬೇಕು?

ಅರ್ಜಿ ಕೊಟ್ಟ ಕಚೇರಿಯಲ್ಲಿ ನನಗೆ ಸಿಕ್ಕ ಉತ್ತರ: "ತರಬೇತಿ ಈಗಾಗಲೇ ಆಗಿದೆ." ನಿಜ, ಆಗಿದೆ. ಪ್ರೌಢಶಾಲೆ ಶಿಕ್ಷಕರಿಗೆ 2021ರಿಂದ ನಿಷ್ಠಾ ಅಂತ ಆನ್‌ಲೈನ್ ಕೋರ್ಸ್ ಬಂತು, ಅದರಲ್ಲಿ ಸಮನ್ವಯ ಶಿಕ್ಷಣದ, ಅಂದರೆ ಇಂಥ ಮಕ್ಕಳಿಗೂ ಉಳಿದವರ ಜೊತೆಯಲ್ಲೇ ಕಲಿಸುವುದರ ಪಾಠವೂ ಇದೆ. ನನಗೆ ಹೇಗೆ ಗೊತ್ತು ಅಂದರೆ ಸರ್ಟಿಫಿಕೇಟ್ ಪ್ರಿಂಟ್ ತೆಗೆದುಕೊಟ್ಟವನು ನಾನೇ. ಕಲರ್, ಒಂದಕ್ಕೆ ಹತ್ತು ರೂಪಾಯಿ. ಪಾಠ ಚೆನ್ನಾಗಿಯೇ ಇರಬಹುದು. ಆದರೆ ನನ್ನ ಅಂಗಡಿ ಬೆಂಚಿನ ಮೇಲೆ ಫೋನಿನಲ್ಲಿ ವಿಡಿಯೊ ಓಡಲು ಬಿಟ್ಟು, ಪಕ್ಕದಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಕೂತವರನ್ನು ನಾನು ನೋಡಿದ್ದೇನೆ. ಅವರನ್ನೂ ಪೂರ್ತಿ ಬೈಯಲಾರೆ. ಜನಗಣತಿ, ಚುನಾವಣೆ, ಮೊಟ್ಟೆ ಲೆಕ್ಕ, ಎಲ್ಲದರ ನಡುವೆ ಇದೂ ಒಂದು. ಮಷಿನ್ ಕಿತ್ತುಕೊಂಡ ಸರ್ ಸರ್ಟಿಫಿಕೇಟ್ ಕೂಡ ನನ್ನ ಪ್ರಿಂಟರಿನಿಂದಲೇ ಹೊರಬಂದಿದೆ. ಹೆಸರು, ಸೀಲು, ಕ್ಯೂಆರ್ ಕೋಡ್ ಎಲ್ಲಾ ಇತ್ತು.

ಅದಕ್ಕೇ ಹೇಳುವುದು, ಎದುರಿಗೆ ಕೂರಿಸಿ ಕೊಡಿಸಿ ಅಂತ.

ಕಾನೂನು ತಮಗೆ ಗೊತ್ತೇ ಇದೆ, ಸದನದಲ್ಲಿ ಕೂರುವವರು ತಾವು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, 2017ರ ಏಪ್ರಿಲ್‌ನಿಂದ ಜಾರಿ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇದ್ದದ್ದು ಇದರಲ್ಲಿ 21 ಆಯಿತು. ಸೆಕ್ಷನ್ 17 ಓದಿ. ಶಿಕ್ಷಕರಿಗೆ ತರಬೇತಿ ಕೊಡುವುದು ಸರ್ಕಾರದ ಕೆಲಸ ಅಂತ ಸ್ಪಷ್ಟವಾಗಿದೆ. ಎರಡು ವರ್ಷದ ಬಿ.ಇಡಿ. ಬಂದ ಮೇಲೆ ಓದಿದವರಿಗೆ ಸಮನ್ವಯ ಶಿಕ್ಷಣದ ಒಂದು ಪತ್ರಿಕೆ ಇದೆ. ನಮ್ಮ ಶಾಲೆಯಲ್ಲಿ ಬಹಳಷ್ಟು ಜನ ಅದಕ್ಕೂ ಮೊದಲಿನ ಒಂದು ವರ್ಷದ ಬಿ.ಇಡಿ.ಯವರು. ವಿಶೇಷ ಶಿಕ್ಷಕರ ವಿಷಯಕ್ಕೆ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ: ಪ್ರೌಢಶಾಲೆಯಲ್ಲಿ ಇಂಥ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚ್‌ನಲ್ಲಿ ಮತ್ತೆ, ಹುದ್ದೆ ಎಷ್ಟು ಅಂತ ಪ್ರಕಟಿಸಿ ಅಂದಿದೆ. ನಮ್ಮಲ್ಲಿ ಬಿಐಇಆರ್‌ಟಿ ಅಂತ, ಇಂಥ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಶಿಕ್ಷಕರು ಬರುತ್ತಾರೆ, ಒಳ್ಳೆಯವರು. ಆದರೆ ಒಬ್ಬರು ಎಷ್ಟು ಶಾಲೆ ಸುತ್ತಬೇಕು? ಅವರು ಬಂದುಹೋದ ಮೇಲೆ ವಾರವಿಡೀ ಮಗುವಿನ ಎದುರು ನಿಲ್ಲುವವರು ಗಣಿತದ ಸರ್, ಹಿಂದಿ ಮೇಡಂ. ಗೊತ್ತಿರಬೇಕಾದದ್ದು ಅವರಿಗೆ.

ತಾವು ಏನೂ ಮಾಡಿಲ್ಲ ಅಂತಲ್ಲ. ರ‍್ಯಾಂಪ್ ಕಟ್ಟಿಸಿದ್ದೀರಿ. ಉದ್ಘಾಟನೆಗೆ ನಾನೂ ಬಂದಿದ್ದೆ. ಬಹಳ ಚೆನ್ನಾಗಿದೆ, ಮಾಸ್ತರರು ಅದರ ಮೇಲೇ ಬೈಕ್ ಹತ್ತಿಸಿ ನೆರಳಿಗೆ ನಿಲ್ಲಿಸುತ್ತಾರೆ. ನನ್ನ ಮಗಳಿಗೆ ಕಾಲು ಚೆನ್ನಾಗಿವೆ ಸಾಹೇಬರೇ. ಅವಳಿಗೆ ಬೇಕಾದದ್ದು ತನ್ನ ಕಡೆ ಮುಖ ಮಾಡಿ ಮಾತಾಡುವ ಮಾಸ್ತರು. ಅದಕ್ಕೆ ಸಿಮೆಂಟ್ ಬೇಡ. ಟೆಂಡರ್ ಬೇಡ. ಅದಕ್ಕೇ ಆಗುತ್ತಿಲ್ಲವೋ ಏನೋ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮೇಲಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ 5,000 ಕೋಟಿ ಅಂತ ಘೋಷಿಸಿದರು. ಶಿಕ್ಷಣಕ್ಕೆ ಮೊದಲ ಆದ್ಯತೆ ಅಂತ ತಾವೇ ಭಾಷಣ ಮಾಡಿದಿರಿ. ಅದರಲ್ಲಿ ಒಂದು ಚೂರು ಹಣ, ಮೂರು ದಿನದ ತರಬೇತಿ, ಶಿಕ್ಷಕರಿಗೆ ಊಟ ಮತ್ತು ಬಸ್ ಚಾರ್ಜು. ಮುನಿರಾಬಾದ್‌ನಲ್ಲಿ ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಇದೆ, ಜಾಗ ಇದೆ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿಂದ ಒಬ್ಬರನ್ನು ಕರೆಸಿ. ನಾವು ಅಷ್ಟು ಸಲ ಆ ಗಾಡಿಯಲ್ಲಿ ಹೋದೆವಲ್ಲ, ಒಂದು ಸಲ ಅವರು ಈ ಕಡೆ ಬರಲಿ. ಕಿವಿ ಮಷಿನ್ ಒಂದನ್ನು ಪ್ರತಿಯೊಬ್ಬ ಶಿಕ್ಷಕರ ಕೈಗೂ ಕೊಟ್ಟು ಸೀಟಿ ಹೊಡೆಸಲಿ. ಕಣ್ಣು ಮಂಜಾದ ಮಗು, ಅಕ್ಷರ ತಿರುವುಮುರುವು ಮಾಡಿ ಓದುವ ಮಗು, ಒಂದು ಕಡೆ ಕೂರಲಾಗದ ಮಗು, ಎಲ್ಲರ ವಿಷಯವೂ ಹೇಳಲಿ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಇದ್ದ. ಓದಲು ಬರಲ್ಲ ಅಂತ ದಡ್ಡ ಅನ್ನಿಸಿಕೊಂಡು ಒಂಬತ್ತಕ್ಕೇ ಬಿಟ್ಟು ಗ್ಯಾರೇಜ್ ಸೇರಿದ. ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಈಗ ಅವನನ್ನು ಮೀರಿಸುವವರಿಲ್ಲ. ದಡ್ಡ ಅಂತೆ.

ಹಿಂದಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಯಾಕೆ ಕುಸಿಯಿತು ಅಂತ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿದ್ದು ಪೇಪರಿನಲ್ಲಿ ಓದಿದೆ. ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ತಾಲ್ಲೂಕಿನಲ್ಲಿ ಎಷ್ಟು ಪ್ರೌಢಶಾಲಾ ಶಿಕ್ಷಕರಿಗೆ ಈ ತರಬೇತಿ ಎದುರಿಗೆ ಕೂರಿಸಿ ಕೊಟ್ಟಿದ್ದೀರಿ? ಆನ್‌ಲೈನ್ ಅಂದರೆ ಒಪ್ಪಬೇಡಿ.

ಮೇ ಕೊನೆಗೆ ಶಾಲೆ ಶುರುವಾಗುತ್ತದೆ. ಮಗಳು ಹತ್ತನೇ ತರಗತಿ. ಅಷ್ಟರೊಳಗೆ ತರಬೇತಿ ಆಗಬೇಕು. ಬೋರ್ಡ್ ಪರೀಕ್ಷೆಗೆ ಬೇರೆ ಶಾಲೆಯ ಮೇಲ್ವಿಚಾರಕರು ಬರುತ್ತಾರೆ, ಅದಕ್ಕೇ ನಮ್ಮ ಶಾಲೆಗೆ ಮಾತ್ರ ಕೊಡಿಸಿ ಅಂತ ಕೇಳುತ್ತಿಲ್ಲ. ಎಲ್ಲರಿಗೂ ಕೊಡಿಸಿ.

ಮುಚ್ಚಳಿಕೆಯ ಝೆರಾಕ್ಸ್ ಪ್ರತಿಯನ್ನು ತಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಶಾಲೆಯ ಹೆಸರಿನ ಮೇಲೆ ಚೀಟಿ ಇಟ್ಟು ತೆಗೆದ ಪ್ರತಿ. ನನ್ನ ಸಹಿ ಮಾತ್ರ ಕಾಣುತ್ತದೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ,
ಝೆರಾಕ್ಸ್ ಅಂಗಡಿಯವನು