ಸಮೀಕ್ಷೆಗೆ ಉತ್ತರಿಸುವವರು ಹಣ ಕಟ್ಟಬೇಕಿಲ್ಲ

ಮಾನ್ಯ ಸಂಪಾದಕರೇ,

‘ಮನೆಯಲ್ಲೇ ಕುಳಿತು ಸರ್ವೆ ತುಂಬಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ’ ಎಂದು ಬೆಂಗಳೂರಿನ ವಿದ್ಯುತ್ ಕಂಬಗಳಿಗೂ ಬಸ್ ತಂಗುದಾಣಗಳಿಗೂ ಅಂಟಿಸುತ್ತಿದ್ದ ಚೀಟಿ ಈಗ ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಓಡಾಡುತ್ತಿದೆ. ಪಿ.ಜಿ.ಗಳಲ್ಲಿರುವ ವಿದ್ಯಾರ್ಥಿಗಳು, ಮಕ್ಕಳು ಶಾಲೆಗೆ ಹೋದ ಮೇಲೆ ಒಂದಿಷ್ಟು ಬಿಡುವು ಸಿಗುವ ಗೃಹಿಣಿಯರು, ಕೆಲಸ ಕಳೆದುಕೊಂಡ ಐ.ಟಿ. ನೌಕರರು ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಅವರಿಗೆ ಬರೀ ‘ಹುಷಾರಾಗಿರಿ’ ಎಂದರೆ ಸಾಲದು. ಸಮೀಕ್ಷೆಯ ದುಡ್ಡು ಎಲ್ಲಿಂದ ಹುಟ್ಟುತ್ತದೆ, ಯಾರ ಕೈ ದಾಟಿ ಬರುತ್ತದೆ ಎಂಬುದು ಗೊತ್ತಾದರೆ ಮೋಸ ಯಾವುದೆಂದು ಅವರಿಗೇ ತಿಳಿಯುತ್ತದೆ.

ನಿಜವಾದ ಸಮೀಕ್ಷೆಯಲ್ಲಿ ಹಣ ಕೊಡುವುದು ಸೋಪು, ಮೊಬೈಲು, ವಿಮೆಯಂಥದ್ದನ್ನು ಮಾರುವ ಕಂಪನಿ. ಅದು ಸಂಶೋಧನಾ ಏಜೆನ್ಸಿಗೆ ಕೆಲಸ ಒಪ್ಪಿಸುತ್ತದೆ. ಏಜೆನ್ಸಿಯು ಉತ್ತರಿಸುವ ಜನರನ್ನು ಒದಗಿಸುವ ಪ್ಯಾನೆಲ್ ಕಂಪನಿಯ ಬಳಿ ಹೋಗುತ್ತದೆ, ಅದು ತನ್ನಲ್ಲಿ ಸಾಕಷ್ಟು ಜನ ಇಲ್ಲದಿದ್ದರೆ ಮತ್ತೊಂದು ಪ್ಯಾನೆಲ್‌ಗೆ ದಾಟಿಸುತ್ತದೆ. ಪೂರ್ಣಗೊಂಡ ಒಂದೊಂದು ಉತ್ತರಕ್ಕೆ ಇಷ್ಟು ಎಂದು ದರ ನಿಗದಿಯಾಗಿರುತ್ತದೆ. ಪ್ರತಿ ಹಂತದಲ್ಲೂ ಒಂದು ಪಾಲು ಕಳೆದು ಉಳಿದದ್ದು ಉತ್ತರಿಸಿದವರಿಗೆ. ಹಾಗಾಗಿ ಕೈಗೆ ಬರುವುದು ಹತ್ತಾರು ರೂಪಾಯಿ ಅಷ್ಟೇ, ಅದೂ ಬಹಳ ಕಡೆ ಅಂಕಗಳ (ಪಾಯಿಂಟ್) ರೂಪದಲ್ಲಿ. ಈ ಸರಪಳಿಯಲ್ಲಿ ಉತ್ತರಿಸುವವರಿಂದ ಹಣ ಪಡೆಯುವ ಜಾಗ ಒಂದೂ ಇಲ್ಲ. ನೋಂದಣಿ ಶುಲ್ಕ, ತರಬೇತಿ ಕಿಟ್, ‘ಪ್ರೀಮಿಯಂ ಸದಸ್ಯತ್ವ’, ವಾಪಸ್ ಕೊಡುವ ಠೇವಣಿ, ಹೆಸರು ಏನೇ ಇರಲಿ, ಹಣ ಕೇಳಿದ ಕ್ಷಣ ಅದು ಸಮೀಕ್ಷೆಯಲ್ಲ.

ನಿಜವಾದ ತಾಣದಲ್ಲೂ ನಿರಾಸೆ ಬೇಕಾದಷ್ಟಿದೆ. ಸಮೀಕ್ಷೆ ತೆರೆದ ಕೂಡಲೇ ಬರುವುದು ಜರಡಿ ಪ್ರಶ್ನೆಗಳು. ‘ನೀವಾಗಲಿ ನಿಮ್ಮ ಮನೆಯವರಾಗಲಿ ಜಾಹೀರಾತು, ಮಾರುಕಟ್ಟೆ ಸಂಶೋಧನೆ, ಮಾಧ್ಯಮಗಳಲ್ಲಿ ಕೆಲಸ ಮಾಡುತ್ತೀರಾ?’ ಎಂಬುದಕ್ಕೆ ಹೌದು ಎಂದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಆಮೇಲೆ ವಯಸ್ಸು, ಊರು, ಮನೆಯ ಆರ್ಥಿಕ ಮಟ್ಟ. ನಮ್ಮ ದೇಶದಲ್ಲಿ 2011ರಲ್ಲಿ ಬಂದ ಗ್ರಾಹಕ ವರ್ಗೀಕರಣ ಎರಡೇ ಸಂಗತಿಗಳ ಮೇಲೆ ನಿಂತಿದೆ: ಮನೆಯ ಮುಖ್ಯ ದುಡಿಮೆಗಾರರ ಓದು, ಮತ್ತು ವಿದ್ಯುತ್ ಸಂಪರ್ಕ, ಫ್ಯಾನು, ಗ್ಯಾಸ್ ಒಲೆ, ದ್ವಿಚಕ್ರ ವಾಹನ, ಫ್ರಿಜ್ಜು, ವಾಷಿಂಗ್ ಮಷೀನು, ಕೃಷಿ ಜಮೀನು ಮುಂತಾದ 11ರ ಪಟ್ಟಿಯಲ್ಲಿ ಮನೆಯಲ್ಲಿ ಎಷ್ಟಿವೆ ಎಂಬುದು. ಫ್ರಿಜ್ ಇದೆಯೇ ಎಂದು ಕೇಳಿದರೆ ಅನುಮಾನ ಪಡಬೇಕಿಲ್ಲ. ಪ್ಯಾನ್ ಸಂಖ್ಯೆ, ಆಧಾರ್‌ನ ಫೋಟೊ, ಡೆಬಿಟ್ ಕಾರ್ಡಿನ ಸಂಖ್ಯೆ, ಒ.ಟಿ.ಪಿ. ಇವು ಯಾವ ಸಮೀಕ್ಷೆಯ ಪ್ರಶ್ನೆಗಳೂ ಅಲ್ಲ.

ಬೇಕಾದ ವರ್ಗದವರ ಸಂಖ್ಯೆ ಅಷ್ಟರಲ್ಲೇ ತುಂಬಿದ್ದರೆ ‘ಕೋಟಾ ಮುಗಿದಿದೆ’ ಎಂದು ಹೊರಗೆ ಕಳಿಸುತ್ತಾರೆ. ಲೆಕ್ಕ ಹಾಕಿ ನೋಡಿ. 20 ನಿಮಿಷದ ಸಮೀಕ್ಷೆಗೆ ₹40 ಎಂದಿಟ್ಟುಕೊಳ್ಳೋಣ. ಅದು ಸಿಗುವ ಮೊದಲು ಮೂರು ಕಡೆ ತಲಾ ಐದು ನಿಮಿಷ ಜರಡಿಯಲ್ಲಿ ಕಳೆದರೆ ₹40ಕ್ಕೆ 35 ನಿಮಿಷ ಹೋಯಿತು. ಕನಿಷ್ಠ ₹500 ಆದ ಮೇಲೆಯೇ ಹಣ ಎಂಬ ನಿಯಮವಿದ್ದರೆ 13 ಸಮೀಕ್ಷೆ, ಅಂದರೆ ಏಳೂವರೆ ಗಂಟೆಗೂ ಹೆಚ್ಚು ಸಮಯ ಬೇಕು. ದಿನಕ್ಕೆ ಸಾವಿರ ರೂಪಾಯಿ ಎನ್ನುವ ಜಾಹೀರಾತು ಸುಳ್ಳೆನ್ನಲು ಇಷ್ಟೇ ಸಾಕು.

ಬಂದ ಅಂಕ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. ಉತ್ತರಗಳನ್ನು ಏಜೆನ್ಸಿ ನಂತರ ಪರಿಶೀಲಿಸುತ್ತದೆ. ಉಳಿದವರು ಸರಾಸರಿ 15 ನಿಮಿಷ ತೆಗೆದುಕೊಂಡದ್ದನ್ನು ಒಬ್ಬರು ನಾಲ್ಕೇ ನಿಮಿಷದಲ್ಲಿ ಮುಗಿಸಿದ್ದರೆ, ಎಲ್ಲ ಸಾಲುಗಳಲ್ಲೂ ಒಂದೇ ಕಾಲಂ ಒತ್ತಿದ್ದರೆ, ‘ಈ ಸಾಲಿನಲ್ಲಿ ಒಪ್ಪುವುದಿಲ್ಲ ಎಂಬುದನ್ನು ಆರಿಸಿ’ ಎಂಬ ಪರೀಕ್ಷಾ ಸಾಲನ್ನು ಓದದೆ ದಾಟಿದ್ದರೆ ಆ ಉತ್ತರವನ್ನು ತೆಗೆದುಹಾಕಿ ಅಂಕ ಹಿಂಪಡೆಯುತ್ತಾರೆ. ಪಿ.ಜಿ.ಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ವೈಫೈನಿಂದ ನಾಲ್ಕೈದು ಜನ ಒಂದೇ ತಾಣಕ್ಕೆ ಸೇರಿದರೆ ಒಬ್ಬರೇ ಹಲವು ಖಾತೆ ತೆರೆದಿದ್ದಾರೆಂದು ಎಲ್ಲವನ್ನೂ ಮುಚ್ಚಿಬಿಡಬಹುದು. ಹಲವು ತಾಣಗಳಲ್ಲಿ ಕೆಲವು ತಿಂಗಳು ಲಾಗಿನ್ ಆಗದಿದ್ದರೂ ಅಂಕ ರದ್ದಾಗುತ್ತದೆ. ವಿದೇಶಿ ತಾಣವಾದರೆ ಪೇಪಾಲ್ ಖಾತೆ ಬೇಕಾಗಬಹುದು. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿದೆ, ಹೊರದೇಶದಿಂದ ಬರುವ ಹಣ ಮಾತ್ರ ಸಿಗುತ್ತದೆ, ಅದರಲ್ಲೂ ಕರೆನ್ಸಿ ಬದಲಾವಣೆಯ ಖರ್ಚು ಕಳೆಯುತ್ತದೆ. ಸೇರುವ ಮೊದಲೇ ಕನಿಷ್ಠ ಮೊತ್ತ, ಅಂಕದ ಅವಧಿ, ಪಾವತಿಯ ದಾರಿ ಈ ಮೂರನ್ನು ನಿಯಮಗಳ ಪುಟದಲ್ಲಿ ಓದಬೇಕು. ಮೂರರಲ್ಲಿ ಒಂದು ಸಿಗದಿದ್ದರೂ ಆ ತಾಣವನ್ನು ಬಿಡುವುದೇ ಲೇಸು.

ನಿಜವಾದ ಸಮೀಕ್ಷೆಯಿಂದ ಹೋಗುವುದು ಹೆಚ್ಚೆಂದರೆ ಸಮಯ. ಸಮೀಕ್ಷೆಯ ಹೆಸರಲ್ಲಿ ನಡೆಯುವ ವಂಚನೆ ಮನೆಯನ್ನೇ ಮುಳುಗಿಸುತ್ತದೆ. ನಮ್ಮಲ್ಲಿ ಇದರ ದೊಡ್ಡ ಪಾಠ ಸ್ಪೀಕ್ ಏಷ್ಯಾ ಆನ್‌ಲೈನ್ ಪ್ರಕರಣ. 2010-11ರಲ್ಲಿ ₹11,000 ಕಟ್ಟಿದವರಿಗೆ ವಾರಕ್ಕೆ ಎರಡು ಸಮೀಕ್ಷೆ, ಒಂದಕ್ಕೆ ₹500, ವರ್ಷಕ್ಕೆ ₹52,000 ಎಂಬ ಆಸೆ ತೋರಿಸಲಾಗಿತ್ತು. ಹೊಸಬರನ್ನು ಸೇರಿಸಿದರೆ ಕಮಿಷನ್ ಬೇರೆ. 2011ರಲ್ಲಿ ಪಾವತಿ ನಿಂತಾಗ ದೇಶದಾದ್ಯಂತ ಸುಮಾರು 24 ಲಕ್ಷ ಜನರ ₹2,000 ಕೋಟಿಗೂ ಹೆಚ್ಚು ಹಣ ಸಿಲುಕಿತ್ತು ಎಂದು ತನಿಖೆ ನಡೆಸಿದವರು ಹೇಳಿದರು. ₹11,000 ಕಟ್ಟಿದವರಿಗೆ ₹52,000 ಕೊಡುವ ಹಣ ಎಲ್ಲಿಂದ ಬರಬೇಕು? ಮುಂದೆ ಸೇರುವವರಿಂದ. ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ‘ಮೂರು ಜನರನ್ನು ಸೇರಿಸಿ’ ಎಂದವರ ಮಾತಿಗೆ ಮರುಳಾಗಿ ನೆಂಟರಿಷ್ಟರನ್ನು ಸೇರಿಸಿದವರೂ ಆ ಕಾಯ್ದೆಯಡಿ ಸಿಕ್ಕಿಕೊಳ್ಳಬಹುದು.

ಈ ವಂಚನೆಯ ಈಗಿನ ರೂಪವೇ ‘ಟಾಸ್ಕ್’, ಅಂದರೆ ಮೊಬೈಲಿನಲ್ಲೇ ಮಾಡುವ ಚಿಕ್ಕ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡವರು ಟೆಲಿಗ್ರಾಂನ ‘ರಿಸೆಪ್ಷನಿಸ್ಟ್’ ಬಳಿ ಕಳಿಸುತ್ತಾರೆ. ಯಾವುದೋ ಹೋಟೆಲಿಗೆ ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ನಿಜಕ್ಕೂ ₹150 ಖಾತೆಗೆ ಬರುತ್ತದೆ. ನಂಬಿಕೆ ಕುದುರುವುದು ಅಲ್ಲೇ. ನಂತರ ಒಂದು ಗುಂಪು. ಅದರಲ್ಲಿ ‘ನನಗೆ ₹30,000 ಬಂತು’ ಎಂದು ಪಾವತಿಯ ಚಿತ್ರ ಹಾಕುವ ಸದಸ್ಯರು ಬಹುಪಾಲು ವಂಚಕರೇ. ‘ಪ್ರೀಪೇಯ್ಡ್ ಟಾಸ್ಕ್’ ಎಂದು ₹1,000 ಹಾಕಿಸಿ ₹1,300 ಕೊಡುತ್ತಾರೆ. ಮುಂದಿನದು ₹5,000, ₹20,000, ಲಕ್ಷ. ಅವರ ತಾಣದಲ್ಲಿ ನಿಮ್ಮ ಬಾಕಿ ಬೆಳೆಯುತ್ತಾ ಹೋಗುತ್ತದೆ. ಅದು ಅವರು ತುಂಬಿದ ಅಂಕಿ ಮಾತ್ರ, ಹಿಂದೆ ಹಣವಿಲ್ಲ. ತೆಗೆಯಲು ಹೊರಟರೆ ‘ನೀವು ತಪ್ಪು ಬಟನ್ ಒತ್ತಿದ್ದೀರಿ, ಗುಂಪಿನ ಎಲ್ಲರ ಹಣವೂ ನಿಂತಿದೆ, ಸರಿಪಡಿಸಲು ಇನ್ನಷ್ಟು ಹಾಕಿ’ ಎಂದು ತಪ್ಪಿನ ಹೊರೆಯನ್ನು ನಿಮ್ಮ ತಲೆಗೇ ಕಟ್ಟುತ್ತಾರೆ. ಕೊನೆಗೆ ‘30% ತೆರಿಗೆ ಕಟ್ಟಿದರೆ ಬಿಡುಗಡೆ’ ಎನ್ನುತ್ತಾರೆ. ಮೂಲದಲ್ಲಿ ಕಡಿತವಾಗುವ ತೆರಿಗೆಯನ್ನು ಕೊಡುವವರು ಆ ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ, ನಮ್ಮಿಂದ ಮುಂಗಡವಾಗಿ ಯು.ಪಿ.ಐ.ಗೆ ಹಾಕಿಸಿಕೊಳ್ಳುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಟಾಸ್ಕ್ ಹಾಗೂ ಹೂಡಿಕೆ ವಂಚನೆಯ 100ಕ್ಕೂ ಹೆಚ್ಚು ಜಾಲತಾಣಗಳನ್ನು ನಿರ್ಬಂಧಿಸಿತು. ಹೆಸರು ಬದಲಿಸಿಕೊಂಡು ಬರುವುದು ಮಾತ್ರ ನಿಂತಿಲ್ಲ.

ಮೊದಲಿಗೆ ಬರುವ ಆ ₹150ರ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಅದು ಇನ್ನೊಬ್ಬ ಮೋಸಹೋದವರ ಹಣವಾಗಿರಬಹುದು. ಅವರು ದೂರು ಕೊಟ್ಟರೆ ಪೊಲೀಸರು ಹಣದ ಜಾಡು ಹಿಡಿದು ಬರುತ್ತಾರೆ, ಬೇರೆ ರಾಜ್ಯದ ಠಾಣೆಯ ಸೂಚನೆ ಮೇರೆಗೆ ಬೆಂಗಳೂರಿನ ನಿಮ್ಮ ಸಂಬಳದ ಖಾತೆ ಸ್ಥಗಿತವಾಗಬಹುದು. ಹಾಗಾದಾಗ ಬ್ಯಾಂಕಿನಿಂದ ದೂರಿನ ಸಂಖ್ಯೆ ಮತ್ತು ಠಾಣೆಯ ವಿವರವನ್ನು ಲಿಖಿತವಾಗಿ ಪಡೆದು, ಖಾತೆಯ ವಿವರ ಮತ್ತು ಚಾಟ್ ದಾಖಲೆಗಳೊಂದಿಗೆ ತನಿಖಾಧಿಕಾರಿಗೆ ಬರೆಯಬೇಕು. ‘ನಿಮ್ಮ ಖಾತೆ ಬಾಡಿಗೆಗೆ ಕೊಡಿ, ಕಮಿಷನ್ ಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಿದವರ ಸ್ಥಿತಿ ಇನ್ನೂ ಕೆಟ್ಟದು. ಅವರು ಆರೋಪಿಗಳೇ ಆಗುತ್ತಾರೆ.

ಇನ್ನೊಂದು ದಾರಿಯಲ್ಲಿ ಹುಡುಗರು ಗೊತ್ತಿಲ್ಲದೇ ಅಪರಾಧಕ್ಕೆ ಇಳಿಯುತ್ತಾರೆ. ‘ಅಮೆರಿಕದ ಸರ್ವೆ, ಐ.ಪಿ. (ಇಂಟರ್ನೆಟ್ ವಿಳಾಸ) ನಾವೇ ಕೊಡುತ್ತೇವೆ’ ಎಂದು, ಅಮೆರಿಕದಲ್ಲಿ ಇರುವಂತೆ ತೋರಿಸುವ ವಿ.ಪಿ.ಎನ್. ಹಾಕಿಸಿ, ಅಮೆರಿಕದ ವೈದ್ಯರೆಂದೋ ಕಂಪನಿ ಮಾಲೀಕರೆಂದೋ ಸುಳ್ಳು ವಿವರ ತುಂಬಿಸುವ ಕೆಲಸವಿದು. ಸಾಮಾನ್ಯ ಜನರ ಸಮೀಕ್ಷೆಗಿಂತ ವೈದ್ಯರ ಸಮೀಕ್ಷೆಗೆ ದರ ಹೆಚ್ಚು, ಅದಕ್ಕೇ ಈ ವೇಷ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ, ನಕಲಿ ಸಮೀಕ್ಷಾ ಉತ್ತರಗಳನ್ನು ಮಾರಿ 1 ಕೋಟಿ ಡಾಲರ್ ಬಿಲ್ ಮಾಡಿದ ಆರೋಪದ ಮೇಲೆ ಎಂಟು ಜನರ ವಿರುದ್ಧ ಪ್ರಕರಣ ಹೂಡಿತು. ಇಂಥ ಕೆಲಸಕ್ಕೆ ಸೇರಿಸಿಕೊಳ್ಳುವವರು ಮುಂಗಡ ಕಟ್ಟಿಸಿಕೊಂಡು ಮಾಯವಾದರೆ ದೂರು ಕೊಡಲೂ ಹುಡುಗರು ಹಿಂಜರಿಯುತ್ತಾರೆ. ವಂಚಕರಿಗೆ ಬೇಕಿರುವುದೂ ಅದೇ.

ಫಾರಂ ತುಂಬುವ ‘ಪ್ರಾಜೆಕ್ಟ್’ಗಳದು ಬೆದರಿಕೆಯ ವಿಧಾನ. ಇ-ಒಪ್ಪಂದಕ್ಕೆ ಸಹಿ ಹಾಕಿಸಿ, ಇಷ್ಟು ದಿನದಲ್ಲಿ ಇಷ್ಟು ಫಾರಂ ತಪ್ಪಿಲ್ಲದೆ ಮುಗಿಸಬೇಕೆಂದು ಹೇಳಿ, ಕೊನೆಯಲ್ಲಿ ‘ಗುಣಮಟ್ಟ ಇಲ್ಲ’ ಎಂದು ದಂಡ ಕೇಳುತ್ತಾರೆ. ವಕೀಲರ ಹೆಸರಿನ ನೋಟಿಸ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ‘ಇಂದು ಸಂಜೆಯೊಳಗೆ ಕಟ್ಟದಿದ್ದರೆ ಬಂಧನ’ ಎಂಬ ಕರೆ ಹಿಂದೆಯೇ ಬರುತ್ತದೆ. ವಕೀಲರ ನೋಟಿಸ್ ನ್ಯಾಯಾಲಯದ ಆದೇಶವಲ್ಲ. ಕೆಲಸದ ಒಪ್ಪಂದ ಪೂರೈಸಲಿಲ್ಲ ಎಂಬುದಷ್ಟೇ ಕಾರಣಕ್ಕೆ ಯಾರನ್ನೂ ಬಂಧಿಸುವುದಿಲ್ಲ. ಹೆದರಿ ₹5,000 ಕೊಟ್ಟವರಿಗೆ ಮರುದಿನ ‘ನ್ಯಾಯಾಲಯದ ಶುಲ್ಕ’ದ ಬೇಡಿಕೆ ಬರುತ್ತದೆ. ನೋಟಿಸನ್ನು ಉಳಿಸಿಕೊಂಡು ಅದನ್ನೇ ಸುಲಿಗೆಯ ಸಾಕ್ಷಿಯಾಗಿ ದೂರಿಗೆ ಲಗತ್ತಿಸಬೇಕು.

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮನೆಯವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಒಂದು ರಾತ್ರಿ ಕಳೆದರೆ ಹಣ ನಾಲ್ಕಾರು ಖಾತೆ ದಾಟಿ ನಗದಾಗಿರುತ್ತದೆ. ಮೊದಲ ಖಾತೆಯಲ್ಲಿ ಇರುವಾಗಲೇ ತಡೆಯುವುದು ಆ ಸಹಾಯವಾಣಿಯ ಉದ್ದೇಶ. ಕರೆ ಮಾಡುವಾಗ ಯು.ಪಿ.ಐ. ವಹಿವಾಟನ್ನು ಗುರುತಿಸುವ 12 ಅಂಕಿಯ ಯು.ಟಿ.ಆರ್. ಸಂಖ್ಯೆ, ಮೊತ್ತ, ಸಮಯ, ನಿಮ್ಮ ಬ್ಯಾಂಕು, ಹಣ ಹೋದ ಯು.ಪಿ.ಐ. ಐ.ಡಿ. ಕೈಯಲ್ಲಿರಲಿ. ಕೊಡುವ ಸ್ವೀಕೃತಿ ಸಂಖ್ಯೆಯನ್ನು ಬರೆದುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ಣಗೊಳಿಸಬೇಕು, ನಂತರ ನಿಮ್ಮ ಭಾಗದ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಹೋಗಬೇಕು. ಗುಂಪಿನಿಂದ ಹೊರಬರುವ ಮೊದಲು ಚಾಟ್, ಬಳಕೆದಾರ ಹೆಸರು, ತಾಣದ ವಿಳಾಸದ ಸ್ಕ್ರೀನ್‌ಶಾಟ್ ತೆಗೆದಿಡಿ. ಟೆಲಿಗ್ರಾಂನಲ್ಲಿ ಎದುರಿನವರು ಎರಡೂ ಕಡೆಯ ಮಾತನ್ನು ಅಳಿಸಿಹಾಕಬಲ್ಲರು. ಹೋದ ಹಣದಲ್ಲಿ ಗ್ರಾಹಕರ ಹೊಣೆ ಎಷ್ಟು ಎಂಬ ಬಗ್ಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆ ಅನಧಿಕೃತ, ಅಂದರೆ ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ವಹಿವಾಟುಗಳಿಗೆ ಸಂಬಂಧಿಸಿದ್ದು, ನಾವೇ ಪಿನ್ ಒತ್ತಿ ಕಳಿಸಿದ ಹಣಕ್ಕೆ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಬರುವವರೂ ವಂಚಕರೇ, ಅದೇ ಜಾಲದ ಎರಡನೇ ತಂಡವಾಗಿರಬಹುದು.

ಸಂಪಾದಕರೇ, ತಮ್ಮಲ್ಲೂ ಒಂದು ಕೋರಿಕೆ. ಪತ್ರಿಕೆಗಳ ವರ್ಗೀಕೃತ ಅಂಕಣದಲ್ಲಿ ಬರೀ ಮೊಬೈಲ್ ಸಂಖ್ಯೆಯಿರುವ ‘ಮನೆಯಿಂದಲೇ ಸರ್ವೆ ಕೆಲಸ’ ಜಾಹೀರಾತುಗಳು ಈಗಲೂ ಬರುತ್ತವೆ. ಇಂಥವನ್ನು ಸ್ವೀಕರಿಸುವಾಗ ಸಂಸ್ಥೆಯ ನೋಂದಣಿ ಸಂಖ್ಯೆ, ಕಚೇರಿ ವಿಳಾಸ, ಮತ್ತು ಅರ್ಜಿದಾರರಿಂದ ಯಾವುದೇ ಹಣ ಪಡೆಯುವುದಿಲ್ಲ ಎಂಬ ಲಿಖಿತ ಹೇಳಿಕೆಯನ್ನು ಕೇಳಿ, ಆ ಹೇಳಿಕೆಯನ್ನು ಜಾಹೀರಾತಿನಲ್ಲೇ ಮುದ್ರಿಸಿ. ನಗರದ ಕಾಲೇಜುಗಳ ಉದ್ಯೋಗ ಘಟಕಗಳೂ ತಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಅರೆಕಾಲಿಕ ಕೆಲಸದ ಸಂದೇಶಗಳನ್ನು ಹಾಕುವ ಮೊದಲು ಇದೇ ನಿಯಮ ಪಾಲಿಸಲಿ.

– ಮಾರುಕಟ್ಟೆ ಸಮೀಕ್ಷೆಯ ಕೆಲಸದಲ್ಲಿರುವ ಕೆಲವು ಓದುಗರು, ಬೆಂಗಳೂರು