ಈ ಉಪ್ಪು ಎಲ್ಲರಿಗೂ ಅಲ್ಲ

ಮಾನ್ಯರೇ,

ನನ್ನ ಹೆಂಡತಿಗೆ ಅಡಿಸನ್ ಕಾಯಿಲೆ ಇದೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ಸಾಕಷ್ಟು ತಯಾರಾಗುವುದಿಲ್ಲ. ಹಾಗಾಗಿ ಸೋಡಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ, ಪೊಟ್ಯಾಶಿಯಂ ರಕ್ತದಲ್ಲೇ ಉಳಿಯುತ್ತದೆ.

ಮೊನ್ನೆ ಅಂಗಡಿಯವರು ‘ಬಿಪಿಗೆ ಒಳ್ಳೇದು’ ಎಂದು ಸೋಡಿಯಂ ಕಡಿಮೆ ಇರುವ ಉಪ್ಪು ಕೊಟ್ಟರು. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಪೊಟ್ಯಾಶಿಯಂ ಕ್ಲೋರೈಡ್’ ಎಂದಿತ್ತು. ಅವಳಿಗೆ ಬೇಕಾದದ್ದು ಕಡಿಮೆ, ಬೇಡದ್ದು ಜಾಸ್ತಿ! ರಕ್ತದಲ್ಲಿ ಪೊಟ್ಯಾಶಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸಿನಲ್ಲಿರಬೇಕು. ತೀರಾ ಏರಿದರೆ ಎದೆಬಡಿತವೇ ತಪ್ಪುತ್ತದೆ. ಇಂಥ ಉಪ್ಪು ಬಳಸಬಹುದು ಎಂದು 2025ರಲ್ಲಿ ಸಲಹೆ ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಯೂ, ಕಿಡ್ನಿ ತೊಂದರೆಯವರನ್ನು ಮತ್ತು ಪೊಟ್ಯಾಶಿಯಂ ಸರಿಯಾಗಿ ಹೊರಹೋಗದವರನ್ನು ಬಿಟ್ಟೇ ಹೇಳಿದೆ.

ಸುಸ್ತು ಅಂದರೆ ಸಾಕು, ನಮ್ಮೂರಲ್ಲಿ ಎಳನೀರು ಕೆತ್ತಿ ಕೊಡುತ್ತಾರೆ. ತೆಂಗಿನ ಸೀಮೆ ಅಲ್ವಾ! ಅದರಲ್ಲೂ ಪೊಟ್ಯಾಶಿಯಂ ಜಾಸ್ತಿ. ಥೈರಾಯ್ಡ್ ಹೆಚ್ಚಾದ ಕೆಲವರಿಗೆ ಇದು ಉಲ್ಟಾ. ಪೊಟ್ಯಾಶಿಯಂ ದಿಢೀರ್ ಕುಸಿದು ಕೈಕಾಲು ಬಿದ್ದುಹೋಗುತ್ತದೆ. ಅವರೂ ಸುಮ್ನೆ ಪೊಟ್ಯಾಶಿಯಂ ಮಾತ್ರೆ ನುಂಗುವಂತಿಲ್ಲ, ರಕ್ತಪರೀಕ್ಷೆ ಬೇಕು.

ಉಪ್ಪಿನ ಪ್ಯಾಕೆಟ್ಟಿನ ಮುಂದೆಯೇ, ಕನ್ನಡದಲ್ಲಿ, ದಪ್ಪಕ್ಷರದ ಎಚ್ಚರಿಕೆ ಹಾಕಿಸಲು ಆಹಾರ ಸುರಕ್ಷತಾ ಅಧಿಕಾರಿಗಳು ಮನಸ್ಸು ಮಾಡಲಿ.

– ಓದುಗ, ತಿಪಟೂರು