ಶನಿವಾರದ ಟೆಸ್ಟ್ ಡ್ರೈವ್‌ಗೆ ಮೊದಲು

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಆಡಿದ್ದನ್ನೆಲ್ಲ ಇಲ್ಲಿ ಮತ್ತೆ ಎತ್ತುವುದಿಲ್ಲ, ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಕೊಳ್ಳಹೊರಟ ಸ್ಪೋರ್ಟ್ಸ್ ಕಾರನ್ನು "ಆಟಿಕೆ" ಅಂದ ಮಾತೊಂದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದುಡಿದವಳು ನೀನು, ಗಾಡಿಯೂ ನಿನ್ನದೇ. ಸ್ಪೋರ್ಟ್ಸ್ ಕಾರು ಬೇಡವೆನ್ನಲು ಈ ಕಾಗದ ಬರೆಯುತ್ತಿಲ್ಲ. ಶನಿವಾರ ನೀನು ಓಡಿಸುವುದು ಇಪ್ಪತ್ತು ನಿಮಿಷ, ಆಮೇಲೆ ಅದರ ಜೊತೆ ಏಗುವುದು ವರ್ಷಗಟ್ಟಲೆ. ಆ ಇಪ್ಪತ್ತು ನಿಮಿಷದಲ್ಲಿ ಏನು ನೋಡಬೇಕು ಅಂತ ಹೇಳಲೆಂದೇ ಫೋನ್ ಮಾಡಿದ್ದೆ. ಅದಕ್ಕೆ ಮೊದಲೇ ಜಗಳ ಬಂತು.

"ಕಂಫರ್ಟ್ ಬೇಕಾದವರು ಸೋಫಾ ತಗೊಳ್ಳಲಿ" ಅಂದೆಯಲ್ಲ, ಅಲ್ಲೇ ನನ್ನ ತಕರಾರು. ಗಡಸಾಗಿದ್ದರೆ ಗಾಡಿ ವೇಗ ಅನ್ನುವುದು ನುಣ್ಣನೆಯ ರೇಸ್ ಟ್ರ್ಯಾಕಿನ ಮಟ್ಟಿಗೆ ನಿಜ. ತೇಪೆ ಹಾಕಿದ ಡಾಂಬರಿನ ಮೇಲೆ ಗಡಸು ಸ್ಪ್ರಿಂಗು ಚಕ್ರವನ್ನು ನೆಲದ ಏರಿಳಿತದ ಜೊತೆ ಹೋಗಲು ಬಿಡುವುದಿಲ್ಲ. ಟೈರು ಕ್ಷಣಹೊತ್ತು ನೆಲ ಬಿಡುತ್ತದೆ. ನೆಲ ಬಿಟ್ಟ ಟೈರು ಗಾಡಿಯನ್ನು ತಿರುಗಿಸುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ. 2017ರಲ್ಲಿ ಬಂದ ಫ್ರಾನ್ಸಿನ ಸ್ಪೋರ್ಟ್ಸ್ ಕಾರು ಆಲ್ಪೈನ್ ಎ110 ನೋಡು. ತೂಕ ಸುಮಾರು 1,100 ಕೆಜಿ, ಸ್ಪ್ರಿಂಗು ಮೆತ್ತಗೆ, ಮೋಡ್ ಬದಲಿಸುವ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಇಲ್ಲವೇ ಇಲ್ಲ. ಸಸ್ಪೆನ್ಷನ್ ತಳ ಮುಟ್ಟುವಾಗ ಧಡ್ ಅನ್ನದಂತೆ ಹೈಡ್ರಾಲಿಕ್ ಸ್ಟಾಪ್ ಕೊಟ್ಟಿದ್ದಾರೆ, ಅಷ್ಟೇ. ತಿರುವಿನಲ್ಲಿ ಅದನ್ನು ಯಾರೂ ನಿಧಾನದ ಗಾಡಿ ಅನ್ನಲಾರರು. ಹಗುರವಾಗಿರುವುದಕ್ಕೆ ಮೆತ್ತಗಿರಲು ಸಾಧ್ಯ. ಭಾರದ ಗಾಡಿ ತನ್ನ ಮೈಯನ್ನು ತಾನೇ ಹಿಡಿದಿಟ್ಟುಕೊಳ್ಳಲು ಗಡಸಾಗಬೇಕಾಗುತ್ತದೆ. ಹಾಗಾಗಿ ಎಂಜಿನ್ ಶಕ್ತಿಗಿಂತ ಮೊದಲು ತೂಕ ಕೇಳು.

ಗುಂಡಿ ಒತ್ತಿ ಡ್ಯಾಂಪರ್ ಮೆತ್ತಗೆ ಮಾಡಿಕೊಂಡರೆ ಸಾಲದೇ ಅಂತ ನಿನ್ನೆ ನೀನು ಕೇಳಿದ ಪ್ರಶ್ನೆ ಸರಿಯಾದದ್ದೇ. ಕೇಳಿದಾಗ ಒಳಗೊಳಗೇ ಹೆಮ್ಮೆಯಾಯಿತು. ಅದನ್ನು ಹೇಳುವ ಬದಲು ತಪ್ಪು ಹುಡುಕಿದೆ. ಉತ್ತರ ಈಗ ಬರೆಯುತ್ತೇನೆ.

ಗುಂಡಿ ಒತ್ತಿದರೆ ಬಿಗಿಯಾಗುವ ಡ್ಯಾಂಪರ್‌ಗಳಲ್ಲಿ ಒಂದು ಬಗೆಯಲ್ಲಿ ಎಣ್ಣೆಯೊಳಗೆ ಕಬ್ಬಿಣದ ಸೂಕ್ಷ್ಮ ಕಣಗಳಿರುತ್ತವೆ. ಕರೆಂಟ್ ಹರಿದು ಕಾಂತಕ್ಷೇತ್ರ ಹುಟ್ಟಿದೊಡನೆ ಆ ಎಣ್ಣೆ ಹರಿಯಲು ಒಲ್ಲೆನ್ನುತ್ತದೆ. 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಮೊದಲು ಬಂದದ್ದು, ಆಮೇಲೆ ಎಷ್ಟೋ ಸ್ಪೋರ್ಟ್ಸ್ ಕಾರುಗಳಿಗೆ ಹೋಯಿತು. ಇನ್ನು ಕೆಲವದರಲ್ಲಿ ವಾಲ್ವು ತೆರೆದು ಮುಚ್ಚುತ್ತದೆ. ಯಾವುದೇ ಇರಲಿ, ಆ ಗುಂಡಿ ಬದಲಿಸುವುದು ಡ್ಯಾಂಪರನ್ನು ಮಾತ್ರ. ಕಾಯಿಲ್ ಸ್ಪ್ರಿಂಗು ಇದ್ದ ಹಾಗೇ ಇರುತ್ತದೆ, ಟೈರೂ ಇದ್ದ ಹಾಗೇ ಇರುತ್ತದೆ. ಕಂಫರ್ಟ್ ಮೋಡಿನಲ್ಲೂ ರಸ್ತೆಯ ಚೂಪು ಅಂಚಿನ ಹಳ್ಳಕ್ಕೆ ಬೆನ್ನುಮೂಳೆ ತನಕ ಏಟು ಬಂದರೆ ಯಾವ ಗುಂಡಿ ಒತ್ತಿದರೂ ಅದು ಹೋಗುವುದಿಲ್ಲ ಅಂತ ತಿಳಿ.

"ಕುಲುಕುತ್ತದೆ" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡ. ಕುಲುಕಾಟದಲ್ಲಿ ಮೂರು ಜಾತಿ. ಎಂಬತ್ತರ ವೇಗದಲ್ಲಿ ರಸ್ತೆಯ ಉದ್ದನೆಯ ಉಬ್ಬು ದಾಟುವಾಗ ಮೈ ಒಮ್ಮೆ ಏಳಬೇಕು, ಒಮ್ಮೆ ಇಳಿಯಬೇಕು, ಅಲ್ಲಿಗೆ ಮುಗಿಯಬೇಕು. ಇಳಿದ ಮೇಲೂ ತೇಲಾಡಿದರೆ ಡ್ಯಾಂಪರ್ ಸಾಲದು. ಎರಡನೆಯದು, ಕಣ್ಣಿಗೆ ಸಪಾಟಾಗಿ ಕಾಣುವ ರಸ್ತೆಯಲ್ಲೂ ಬಿಡದೆ ಸಣ್ಣಗೆ ನಡುಗುವುದು. ಮನುಷ್ಯನ ಮೈಗೆ ಮೇಲೆ ಕೆಳಗಿನ ಅದುರಾಟ ಅತಿ ಹೆಚ್ಚು ತಾಗುವುದು ಸೆಕೆಂಡಿಗೆ 4ರಿಂದ 8 ಸಲ ಅದುರುವಾಗ. ಸಾಮಾನ್ಯ ಕಾರಿನ ಮೈ ತನ್ನಷ್ಟಕ್ಕೆ ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತದೆ. ಸ್ಪೋರ್ಟ್ಸ್ ಕಾರು ಗಡಸಾದಷ್ಟೂ ಎರಡರ ಕಡೆಗೆ ಸರಿಯುತ್ತದೆ, ರಸ್ತೆಯ ಸಣ್ಣ ಅದುರಾಟವನ್ನೂ ಹೆಚ್ಚೆಚ್ಚು ಒಳಗೆ ಬಿಡುತ್ತದೆ. ಮೊದಲ ಹತ್ತು ನಿಮಿಷ ಇದು ಮಜಾ, ಗಾಡಿ ಜೀವಂತ ಅನ್ನಿಸುತ್ತದೆ. ನಲವತ್ತನೇ ನಿಮಿಷಕ್ಕೆ ಕತ್ತು ಹಿಡಿಯುತ್ತದೆ. ಟೆಸ್ಟ್ ಡ್ರೈವ್ ಇಪ್ಪತ್ತಕ್ಕೇ ಮುಗಿಯುತ್ತದಲ್ಲ, ಅದೇ ತೊಂದರೆ. ಮೂರನೆಯದು ಸೇತುವೆಯ ಜಾಯಿಂಟಿನಲ್ಲಿ ಬರುವ "ಠಪ್". ಅದಕ್ಕೆ ಮುಖ್ಯ ಕಾರಣ ಟೈರು.

ಟೈರಿನ ಮೇಲೆ 245/35 ಆರ್19 ಅಂತ ಬರೆದಿದ್ದರೆ ಅಗಲ 245 ಮಿಮೀ, ಅದರ ಶೇಕಡಾ 35 ಅಂದರೆ ಸುಮಾರು 86 ಮಿಮೀ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ, ರಿಮ್ಮು 19 ಇಂಚು. ಒಂದು ಇಂಚು ಚಿಕ್ಕ ರಿಮ್ಮಿನ 245/40 ಆರ್18ರಲ್ಲಿ ಅದೇ ಎತ್ತರ 98 ಮಿಮೀ. ಇಡೀ ಚಕ್ರದ ವ್ಯಾಸದಲ್ಲಿ ಒಂದು ಮಿಮೀ ಕೂಡ ವ್ಯತ್ಯಾಸ ಬರುವುದಿಲ್ಲ, ಆದರೆ ನಿನ್ನ ಬೆನ್ನಿಗೂ ರಸ್ತೆಗೂ ನಡುವೆ 12 ಮಿಮೀ ಹೆಚ್ಚು ರಬ್ಬರು, ಗಾಳಿ. ಷೋರೂಮಿನವರು ಡೆಮೊ ಗಾಡಿಗೆ ಚಂದ ಕಾಣಲೆಂದು ದೊಡ್ಡ ಚಕ್ರ ಹಾಕಿಸಿರುತ್ತಾರೆ. ನೀನು ಕೊಳ್ಳುವ ಮಾಡೆಲ್ಲಿನ ಚಕ್ರ ಅದೇನಾ ಅಂತ ಕೇಳಿಯೇ ಕೂರು. ರನ್‌ಫ್ಲಾಟ್ ಇದ್ದರೆ ಸೈಡ್‌ವಾಲ್ ಇನ್ನೂ ಗಡಸು. ಪಂಕ್ಚರ್ ಆದ ಮೇಲೂ 80ರ ವೇಗ ಮೀರದೆ ಸುಮಾರು 80 ಕಿಮೀ ಹೋಗಬಹುದು ಅನ್ನುವ ಅನುಕೂಲಕ್ಕೆ ದಿನಾ ಬೆನ್ನು ಬೆಲೆ ತೆರುತ್ತದೆ.

ಗಾಳಿಯ ಒತ್ತಡ ನೀನೇ ನೋಡು. ಗೇಜು ಬ್ಯಾಗಿನಲ್ಲಿಟ್ಟುಕೋ. ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಎಷ್ಟಿರಬೇಕೆಂದು ಬರೆದಿರುತ್ತದೆ. ಗಾಡಿ ಓಡುವ ಮೊದಲೇ, ಟೈರು ತಣ್ಣಗಿರುವಾಗ ಅಳೆಯಬೇಕು. ಸಾಗಾಟಕ್ಕೆಂದು ತುಂಬಿದ ಹೆಚ್ಚು ಗಾಳಿಯನ್ನು ಯಾರೂ ಇಳಿಸದೆ ಬಿಟ್ಟಿರುವುದುಂಟು. ಐದಾರು ಪಿಎಸ್‌ಐ ಹೆಚ್ಚಿದ್ದರೆ ಒಳ್ಳೆಯ ಸಸ್ಪೆನ್ಷನ್ನೂ ಕಲ್ಲಾಗುತ್ತದೆ. ಕಡಿಮೆ ಇದ್ದರೆ ಹಾಸಿಗೆಯಂತಿರುತ್ತದೆ, ಸ್ಟೀರಿಂಗು ಮಂಕಾಗುತ್ತದೆ. ಗಾಳಿ ಮಾಡಿದ ಕೆಲಸಕ್ಕೆ ಗಾಡಿಯನ್ನು ಹೊಗಳಿಯೋ ಬೈದೋ ಬರಬೇಡ.

ಟೈರಿನ ಮಾತು ಇಲ್ಲಿಗೆ ನಿಲ್ಲಿಸಬೇಕು. ಆಗುತ್ತಿಲ್ಲ ಕಣೇ. ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಟೈರಿನ ಮೇಲ್ಮೈಯಲ್ಲಿ ನೀರು ಹರಿದುಹೋಗುವ ಗೀರುಗಳೇ ಇಲ್ಲ ಅನ್ನುವಷ್ಟು ಕಡಿಮೆ. ಟ್ರ್ಯಾಕಿಗೆಂದು ಮಾಡಿದ್ದು, ರಸ್ತೆಗೆ ಪರವಾನಗಿ ಇದೆ, ಅಷ್ಟೇ. ಒಣ ರಸ್ತೆಯಲ್ಲಿ ಅದು ಬಿಸಿಯಾದ ಮೇಲೆ ಅಂಟಿನಂತೆ ಹಿಡಿಯುತ್ತದೆ, ಇಲ್ಲವೆನ್ನುವುದಿಲ್ಲ. ಮಳೆ ನೀರು ನಿಂತ ಕಡೆ ನೀರು ಹೊರಗೆ ಹೋಗಲು ಗೀರು ಬೇಕು. ಟೈರು ಅಗಲವಾದಷ್ಟೂ ನಡುವಿನ ನೀರು ಪಕ್ಕಕ್ಕೆ ಹೋಗಲು ದೂರ ಹೆಚ್ಚು. ಗಾಡಿ ಹಗುರವಾದಷ್ಟೂ ನೀರನ್ನು ಒತ್ತಿ ತಳ್ಳುವ ಭಾರ ಕಡಿಮೆ. ಈಗಷ್ಟೇ ನಾನು ಹೊಗಳಿದ ಹಗುರತನ ಇಲ್ಲಿ ತಿರುಗಿ ಬೀಳುತ್ತದೆ. ಟೈರು ನೀರಿನ ಮೇಲೆ ಹತ್ತಿ ಕೂತಿತೆಂದರೆ ಸ್ಟೀರಿಂಗು ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಎಂಜಿನ್ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ ಗಾಡಿಯಾದರೆ ಅದರ ಸದ್ದು ತಟ್ಟನೆ ಏರಬಹುದು. ಆಗ ಬ್ರೇಕ್ ತುಳಿಯಬಾರದು, ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲನ್ನು ನಿಧಾನ ಎತ್ತಿ, ಸ್ಟೀರಿಂಗು ನೇರ ಹಿಡಿದು, ಟೈರು ನೆಲ ಮುಟ್ಟುವ ತನಕ ಕಾಯಬೇಕು. ಕಾಯುವುದು ನಿನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಷ್ಟೋ ದೇಶಗಳಲ್ಲಿ ಕಾನೂನು ಗೀರಿನ ಆಳ 1.6 ಮಿಮೀ ಉಳಿದಿದ್ದರೆ ಸಾಕು ಅನ್ನುತ್ತದೆ. ಅಗಲ ಟೈರಿಗೆ ಮಳೆಗಾಲದಲ್ಲಿ 3 ಮಿಮೀ ಆದಾಗಲೇ ಬದಲಿಸು ಅನ್ನುತ್ತೇನೆ ನಾನು. ಇನ್ನೊಂದು ಮೋಸವಿದೆ. ಇಂಥ ಗಾಡಿಗಳ ಚಕ್ರ ಮೇಲ್ಗಡೆ ಸ್ವಲ್ಪ ಒಳಕ್ಕೆ ಬಾಗಿರುತ್ತದೆ, ತಿರುವಿನಲ್ಲಿ ಚೆನ್ನಾಗಿ ಕಚ್ಚಲಿ ಅಂತ. ಹಾಗಾಗಿ ಟೈರಿನ ಒಳಅಂಚು ಮೊದಲು ಸವೆಯುತ್ತದೆ. ಹೊರಗಿಂದ ಹೊಸದರಂತೆ ಕಂಡರೂ ಕೈ ಒಳಗೆ ಹಾಕಿ ಸವರಿದರೆ ಬೋಳು. ಸೀರೆಯೋ ಪ್ಯಾಂಟೋ, ಯಾವುದಾದರೂ ಕೊಳೆಯಾಗಲಿ, ಮಂಡಿಯೂರಿ ನೋಡು. ಚಳಿಯಲ್ಲೂ ಜೋಪಾನ, ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡಸಾಗಿ ಹಿಡಿತ ಬಿಡುತ್ತದೆ.

ನಿಮ್ಮಪ್ಪ ಹಿಂದಿನಿಂದ ಓದಿ "ಪಾಠ ಶುರುವಾಯ್ತು" ಅಂತಿದ್ದಾರೆ. ಆಗಲಿ, ಸೀಟಿಗೆ ಬರುತ್ತೇನೆ.

ಕೀ ತಿರುಗಿಸುವ ಮೊದಲು ನಿಂತ ಗಾಡಿಯಲ್ಲೇ ಹತ್ತು ಹದಿನೈದು ನಿಮಿಷ ಕೂರು. ಸೇಲ್ಸ್‌ಮನ್ ಚಡಪಡಿಸಿದರೆ ಚಡಪಡಿಸಲಿ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಭುಜ ಸೀಟಿಗೆ ಆನಿಸಿಕೊಂಡೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ನೆತ್ತಿಯ ಮೇಲೆ ಕೂರಬೇಕು. ತೊಡೆಯ ಕೆಳಗೆ ಮೆತ್ತೆ ಸಾಲದಿದ್ದರೆ ಭಾರವೆಲ್ಲ ಕುಂಡಿಯ ಮೇಲೆ ಬಿದ್ದು ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಬಕೆಟ್ ಸೀಟಿನ ಪಕ್ಕದ ದಿಂಡು ಸೊಂಟಕ್ಕೆ ಒತ್ತುತ್ತದೋ, ಪಕ್ಕೆಲುಬಿಗೋ, ನೋಡು. ಪೆಡಲು ನಿನ್ನ ನೇರಕ್ಕಿದೆಯೋ, ಪಕ್ಕಕ್ಕೆ ಸರಿದಿದೆಯೋ ಅದನ್ನೂ ನೋಡು. ಸರಿದಿದ್ದರೆ ಸೊಂಟ ಸದಾ ತಿರುಚಿಕೊಂಡೇ ಇರಬೇಕು. ಇದಕ್ಕಿಷ್ಟು ಒತ್ತು ಯಾಕೆಂದರೆ ಗಡಸು ಚಕ್ರವನ್ನು ನಾಳೆ ಬದಲಿಸಬಹುದು, ಟೈರು ಬದಲಿಸಬಹುದು, ಪೆಡಲಿನ ಜಾಗ ಬದಲಿಸಲಾಗದು. ಸೀಟಿನಲ್ಲಿ ಏರ್‌ಬ್ಯಾಗು, ಸೆನ್ಸರುಗಳು ಸೇರಿರುವುದರಿಂದ ಅದನ್ನು ಕಿತ್ತು ಬೇರೆ ಹಾಕುವುದೂ ಸುಲಭದ ಮಾತಲ್ಲ. ಬದಲಿಸಲಾಗದ್ದರಲ್ಲಿ ಒಂದು ಕೂಡ ನಿನಗೆ ಒಗ್ಗದಿದ್ದರೆ ಆ ಗಾಡಿ ಬೇಡ, ಎಂಜಿನ್ ಎಷ್ಟೇ ಚೆನ್ನಾಗಿ ಹಾಡಲಿ.

ಎಂಜಿನ್ ಹಾಡುವ ಮಾತೂ ಇದೆ. ಸೇಲ್ಸ್‌ಮನ್ ಗಾಡಿಯನ್ನು ಸ್ಪೋರ್ಟ್ ಮೋಡಿಗೆ ಹಾಕಿ, ಸೈಲೆನ್ಸರಿನ ಕವಾಟ ತೆರೆದು ಕೈಗೆ ಕೊಡುತ್ತಾನೆ. ಹಲವು ಗಾಡಿಗಳಲ್ಲಿ ಆ ಮೋಡ್ ಶಕ್ತಿ ಹೆಚ್ಚಿಸುವುದಿಲ್ಲ. ಅಷ್ಟೇ ಪೆಡಲಿಗೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಹೆಚ್ಚು ತೆರೆಯುತ್ತದೆ, ಮೈಗೆ ವೇಗವೆನ್ನಿಸುತ್ತದೆ. ಕೆಲವು ಸದ್ದು ಸ್ಪೀಕರಿನಿಂದಲೂ ಬರುತ್ತದೆ. ನೀನು ನಾರ್ಮಲ್‌ನಲ್ಲಿ ಶುರು ಮಾಡು, ಕಿಟಕಿ ಮುಚ್ಚು, ಹಾಡು ಬೇಡ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವುದು ಕಾಗದದ ಮೇಲಿರಲಿ. ನಿನಗೆ ದಿನಾ ಸಿಗುವುದು ಆಕ್ಸಿಲರೇಟರಿನ ಮೊದಲ ಕಾಲುಭಾಗ. ಮೂರನೇ ಗೇರಿನಲ್ಲಿ 60ರಿಂದ ಒತ್ತಿದರೆ ಕೂಡಲೇ ಎಳೆಯುತ್ತದೋ, ಟರ್ಬೊ ಎಚ್ಚರವಾಗುವ ತನಕ ಕಾಯಿಸುತ್ತದೋ ನೋಡು. ಬ್ರೇಕಿನ ಮೊದಲ ಒಂದು ಸೆಂಟಿಮೀಟರು ಹದವಾಗಿ ಹಿಡಿಯಬೇಕು, ತಲೆ ಮುಂದಕ್ಕೆ ಎಸೆಯಬಾರದು. ಡ್ಯುಯಲ್ ಕ್ಲಚ್ಚಾದರೆ (ಎರಡು ಕ್ಲಚ್ಚಿದ್ದು ತಾನೇ ಗೇರು ಬದಲಿಸುವ ಪೆಟ್ಟಿಗೆ) ಇಳಿಜಾರಿನಲ್ಲಿ ತೆವಳಿಸಿ, ರಿವರ್ಸ್ ಹಾಕಿ, ಮತ್ತೆ ಮುಂದಕ್ಕೆ ಹಾಕು. ಅದರ ಜರ್ಕು ಗೊತ್ತಾಗುವುದು ಅಲ್ಲೇ, ಹೆದ್ದಾರಿಯಲ್ಲಲ್ಲ. ಎಂಜಿನ್ ಆಯಿಲ್ ಸುಮಾರು 80 ಡಿಗ್ರಿ ಬಿಸಿಯಾಗುವ ಮುನ್ನ ಆರ್‌ಪಿಎಂ ಏರಿಸಬೇಡ. ನೀರು ಬಿಸಿಯಾಯಿತೆಂದು ಮುಳ್ಳು ತೋರಿಸಿದರೂ ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು.

ಟಾಪ್ ಗೇರಿನಲ್ಲಿ ನೂರರಲ್ಲಿ ಎರಡು ನಿಮಿಷ ಸುಮ್ಮನೆ ಹೋಗು. ಒಂದೇ ಸಮನೆ "ಗೊಂಯ್" ಅನ್ನುವ ಸದ್ದು ಕಿವಿಯಲ್ಲಿ ಕೂತರೆ, ಷೋರೂಮಿನ ಮುಂದೆ ಗರ್ಜಿಸಿದ್ದು ನಿನಗೆ ಇಷ್ಟವಾಯಿತು ಅನ್ನುವುದು ದೂರದ ಪ್ರಯಾಣಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಡೆಸಿಬೆಲ್ಲು ಹತ್ತು ಏರಿದರೆ ಕಿವಿಗೆ ಸದ್ದು ದುಪ್ಪಟ್ಟಾದಂತೆ.

ರಸ್ತೆಯನ್ನು ಅವರು ಆರಿಸಲು ಬಿಡಬೇಡ, ನುಣುಪಾದದ್ದನ್ನೇ ಆರಿಸುತ್ತಾರೆ. ಅದೇ ಬೆಳಿಗ್ಗೆ ನಿನ್ನ ಈಗಿನ ಗಾಡಿಯನ್ನು ಅದೇ ದಾರಿಯಲ್ಲಿ ಓಡಿಸಿಕೊಂಡು ಹೋಗು. ಹಾಳಾದ ರಸ್ತೆಯಲ್ಲಿ ಮೂವತ್ತರಲ್ಲಿ, ಒಂದು ಹಂಪು, ಒಂದು ಬಿಗಿ ತಿರುವು, ಒಂದು ಯೂ ಟರ್ನು, ರಿವರ್ಸ್ ಪಾರ್ಕಿಂಗು. ಎರಡನೇ ಗಾಡಿ ನೋಡುವುದಿದ್ದರೆ ಅದೇ ದಿನ ನೋಡು, ವಾರ ಬಿಟ್ಟರೆ ಬೆನ್ನಿಗೆ ನೆನಪಿರುವುದಿಲ್ಲ. ಗುದ್ದಿದರೆ ದುಡ್ಡು ಯಾರು ಕೊಡಬೇಕೆಂದು ಸಹಿ ಹಾಕುವ ಮೊದಲು ಓದು. ಗಾಡಿ ಜಾರಿದಾಗ ತಾನೇ ಹಿಡಿತಕ್ಕೆ ತರುವ ಇಎಸ್‌ಸಿಯನ್ನು ಆಫ್ ಮಾಡಬೇಡ, ಯಾರು ಹೇಳಿದರೂ. ಪಕ್ಕದಲ್ಲಿ ಯಾರನ್ನಾದರೂ ಕೂರಿಸು. ಹಿಡಿಯಲು ಸ್ಟೀರಿಂಗಿಲ್ಲದವರಿಗೆ ಕುಲುಕು ಹೆಚ್ಚು ತಾಗುತ್ತದೆ, ಸತ್ಯ ಹೇಳುತ್ತಾರೆ. ಕರೆದರೆ ನಾನೇ ಬರುತ್ತೇನೆ, ಬಾಯಿ ಬಿಡುವುದಿಲ್ಲ. ಕರೆಯದಿದ್ದರೂ ಬೇಜಾರಿಲ್ಲ. ಸ್ವಲ್ಪ ಇದೆ.

ಎಲ್ಲ ಸರಿಯಾಗಿ ನಿನಗೆ ಗಾಡಿ ಹಿಡಿಸಿದರೆ ಅವತ್ತೇ ಅಡ್ವಾನ್ಸ್ ಕೊಡಬೇಡ. ಮಳೆ ಬಂದ ದಿನ ಇನ್ನೊಮ್ಮೆ ಓಡಿಸುತ್ತೇನೆ ಅನ್ನು. ಆ ಗೀರಿಲ್ಲದ ಟೈರಿನ ಬದಲು ರಸ್ತೆ ಟೈರು ಹಾಕಿಕೊಡುತ್ತಾರಾ ಅಂತಲೂ ಕೇಳು. ತಿರುವಿನಲ್ಲಿ ನಿನಗೆ ಕಳೆಯುವುದು ಒಂದಿಷ್ಟು ಹಿಡಿತ, ಅದೂ ಟ್ರ್ಯಾಕಿನಲ್ಲಿ ಅಳೆದರೆ ಗೊತ್ತಾಗುವಂಥದ್ದು.

ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡು. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ. ನಾಲ್ಕೂ ಟೈರಿನದ್ದು ಫೋಟೋ ತೆಗೆದು ಕಳಿಸು. ಫೋನ್ ಮಾಡದಿದ್ದರೂ ಪರವಾಗಿಲ್ಲ, ಫೋಟೋ ಕಳಿಸು.

ಅಮ್ಮ